ಕುಳಿ ತುಂಬುವ ಪೆನ್ಸಿಲ್

ಇಪ್ಪತ್ತು ತುಂಬುವವರೆಗೆ ನನ್ನದೆಂದು ಹೇಳಿಕೊಳ್ಳಲು ಮೂರೇ ಫೋಟೋ ಇದ್ದವು. ನಾಲ್ಕನೇ ಕ್ಲಾಸಿನಲ್ಲಿ ಮೊಗ್ಗಿನ ಜಡೆ ಹಾಕಿಸಿಕೊಂಡು ತೆಗೆಸಿದ್ದು ಒಂದು, ಏಳನೇ ಕ್ಲಾಸಿನ ಪರೀಕ್ಷೆ ಮುಗಿದಾಗ ತೆಗೆಸಿದ್ದು ಒಂದು, ಎಸ್ಸೆಸ್ಸೆಲ್ಸಿ ಆದ ಮೇಲೆ ಅವ್ವನ ರೇಷ್ಮೆ ಸೀರೆ ಉಟ್ಟು ನಿಂತಿದ್ದು ಒಂದು. ಮೂರರಲ್ಲೂ ಜಡೆ ನನ್ನದೇ, ಬಳೆ ನನ್ನದೇ, ಸೊಟ್ಟಗೆ ನಿಲ್ಲುವ ಚಾಳಿಯೂ ನನ್ನದೇ. ಮುಖ ಮಾತ್ರ ಬೇರೆ ಯಾರದೋ. ಆ ಹುಡುಗಿಯ ಕೆನ್ನೆ ಆಗಷ್ಟೇ ಸಾರಿಸಿದ ನೆಲದಷ್ಟು ನುಣುಪು. ನನ್ನ ಕೆನ್ನೆಯ ತುಂಬ ಸಿಡುಬಿನ ಕುಳಿಗಳಿವೆ. ನನ್ನ ಮುಖ ಇದ್ದ ಹಾಗೆ ಇರುವ ಒಂದೇ ಒಂದು ಫೋಟೋ ಬೇಕೆಂದು ನಾನು ಹಟ ಹಿಡಿದ ಕಥೆ ಇದು. ಹಟ ಹಿಡಿದರೆ ಬಿಡುವವಳಲ್ಲ ಅಂತ ನಮ್ಮ ಮನೆಯಲ್ಲಿ ನನಗೆ ಮೊದಲಿನಿಂದಲೂ ಹೆಸರಿತ್ತು.

ಸಿಡುಬು ಬಂದಾಗ ನನಗೆ ಐದು ವರ್ಷ. ನ್ಯಾಮತಿಯ ನಮ್ಮ ಮನೆಯಲ್ಲಿ ಯಾರೂ ಅದನ್ನು ರೋಗ ಅನ್ನಲಿಲ್ಲ, ಅಮ್ಮ ಬಂದಿದ್ದಾಳೆ ಅಂದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಒಗ್ಗರಣೆ ಹಾಕುವುದನ್ನು ಬಿಟ್ಟರು, ನನ್ನನ್ನು ಬೇವಿನೆಲೆಯ ಮೇಲೆ ಮಲಗಿಸಿದರು. ನನಗೆ ನೆನಪಿರುವುದು ಆ ಎಲೆಗಳ ವಾಸನೆ, ಮತ್ತೆ ಮೈಯೆಲ್ಲ ಉರಿ ಉರಿ ತುರಿಕೆ. ಬದುಕಿಕೊಂಡೆ. ಕುಳಿಗಳು ಎರಡೂ ಕೆನ್ನೆಯಲ್ಲಿ, ಹಣೆಯಲ್ಲಿ, ಮೂಗಿನ ತುದಿಯಲ್ಲಿ ಉಳಿದವು. ಎಡಗಣ್ಣಿನ ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಒಂದು ಕಡಲೆಬೇಳೆ ಹುದುಗಿಸಬಹುದು. ಅದೊಂದನ್ನು ಮಾತ್ರ ನಾನೇ ಪರಚಿಕೊಂಡು ಮಾಡಿಕೊಂಡಿದ್ದೆಂದು ಅವ್ವ ಹೇಳುತ್ತಿದ್ದಳು. ಹೇಗೆ, ಯಾವಾಗ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದಳು.

ಆ ಮೂರೂ ಫೋಟೋ ತೆಗೆದವರು ಅವ್ವನ ತಮ್ಮ, ನನ್ನ ಸೋದರಮಾವ. ಹೊನ್ನಾಳಿಯ ಬಸ್‌ಸ್ಟ್ಯಾಂಡಿನಿಂದ ಹೊಳೆಗೆ ಹೋಗುವ ದಾರಿಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಗಣಿತದಲ್ಲಿ ಹೋದೆ. ಎರಡನೇ ಸಲ ಕಟ್ಟುತ್ತೇನೆ ಅಂದರೆ ಅವ್ವ ಒಪ್ಪಲಿಲ್ಲ. ನ್ಯಾಮತಿಯಲ್ಲಿ ಅಪ್ಪನದು ಕಿರಾಣಿ ಅಂಗಡಿ, ಮನೆಯಲ್ಲಿ ನನ್ನ ಹಿಂದೆ ಇನ್ನೂ ಇಬ್ಬರು ತಂಗಿಯರು. ನನ್ನ ಮುಖ ನೋಡಿ ಯಾರೂ ಓಡಿ ಬಂದು ಮದುವೆಯಾಗುವುದಿಲ್ಲ, ಕೈಗೊಂದು ಕಸುಬಾದರೂ ಇರಲಿ ಎಂಬುದು ಅವ್ವನ ಲೆಕ್ಕಾಚಾರ. ಅದನ್ನು ಆಕೆ ನನ್ನೆದುರೇ, ಸೊಪ್ಪು ಸೋಸುತ್ತ, ಬೇಜಾರೇ ಇಲ್ಲದೆ ಹೇಳಿದಳು. ನನಗೆ ಬೇಜಾರಾಯಿತು. ಆದರೂ ಟ್ರಂಕು ಕಟ್ಟಿಕೊಂಡು ಹೊನ್ನಾಳಿ ಬಸ್ಸು ಹತ್ತಿದೆ. ಮಾವನ ಮನೆಯಲ್ಲಿ ಅತ್ತೆಯ ಕೈಯಡುಗೆ ಉಂಡುಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಸ್ಟುಡಿಯೋದಲ್ಲಿ ಕೆಲಸ ಕಲಿತೆ.

ಕಲಿತ ಕೆಲಸಕ್ಕೆ ಟಚಿಂಗ್ ಅನ್ನುತ್ತಿದ್ದೆವು. ಬಣ್ಣದ ಫೋಟೋ ಇನ್ನೂ ನಮ್ಮ ಕಡೆಗೆ ಕಾಲಿಟ್ಟಿರಲಿಲ್ಲ. ಕಪ್ಪು ಬಿಳುಪಿನ ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು: ಬಿಳಿ ಇದ್ದದ್ದು ಕಪ್ಪಾಗಿ, ಕಪ್ಪು ಇದ್ದದ್ದು ಗಾಜಿನಂತೆ ತಿಳಿಯಾಗಿ ಕಾಣುತ್ತದೆ. ಮುಖದಲ್ಲಿ ಕುಳಿ ಇದ್ದರೆ ಅಲ್ಲಿ ನೆರಳು ನಿಂತಿರುತ್ತದೆ, ನೆಗೆಟಿವ್‌ನಲ್ಲಿ ಆ ಜಾಗ ತಿಳಿಯಾಗಿ ಉಳಿಯುತ್ತದೆ. ಅದನ್ನು ಸೀಸದ ಪೆನ್ಸಿಲ್ಲಿನಿಂದ ತುಂಬಬೇಕು. ತುಂಬಿದರೆ ಪ್ರಿಂಟಿನಲ್ಲಿ ಕುಳಿ ಮಾಯ. ಅದಕ್ಕೊಂದು ಇಳಿಜಾರಿನ ಮರದ ಡೆಸ್ಕು, ನಡುವೆ ಮಬ್ಬು ಗಾಜು, ಕೆಳಗೆ ಕಿಟಕಿಯ ಬೆಳಕನ್ನು ಮೇಲೆ ಎಸೆಯುವ ಕನ್ನಡಿ. ಪೆನ್ಸಿಲ್ಲಿನ ಮೊನೆಯನ್ನು ಉಪ್ಪುಕಾಗದದ ಮೇಲೆ ಉಜ್ಜಿ ಉಜ್ಜಿ ಸೂಜಿಯಷ್ಟು ಸಣ್ಣಗೆ ಮಾಡಿಕೊಂಡು, ಉಸಿರು ಬಿಗಿಹಿಡಿದು, ಅಲ್ಪವಿರಾಮದಂಥ ಸಣ್ಣ ಸಣ್ಣ ಗೆರೆ ಎಳೆಯಬೇಕು. ಒತ್ತಿದರೆ ಕೆಡುತ್ತದೆ.

ನನ್ನ ಕೈ ಬೇಗ ಹಿಡಿಯಿತು. ವರ್ಷ ತುಂಬುವುದರೊಳಗೆ ಮಾವ ಟಚಿಂಗನ್ನು ಪೂರ್ತಿ ನನಗೇ ಬಿಟ್ಟರು. ಮದುವೆಗೆ ಕಳಿಸುವ ಹುಡುಗಿಯರ ಫೋಟೋಗಳೇ ಹೆಚ್ಚು. ಮೊಡವೆ, ಸುಟ್ಟ ಗಾಯ, ಕಣ್ಣಿನ ಕೆಳಗಿನ ಕಪ್ಪು, ಗದ್ದದ ಕೆಳಗೆ ಜೋತ ಚರ್ಮ, ಎಲ್ಲ ನನ್ನ ಪೆನ್ಸಿಲ್ಲಿಗೆ ಬರುತ್ತಿದ್ದವು. ತೋಳು ದಪ್ಪ ಕಂಡರೆ ಬ್ಲೇಡಿನಿಂದ ಅಂಚು ಕೆರೆದು ಹಿಂದಿನ ಕಪ್ಪು ಪರದೆಯಲ್ಲಿ ಸೇರಿಸುವುದನ್ನೂ ಕಲಿತೆ. ಸವಳಂಗದಿಂದ ಮಗಳನ್ನು ಕರೆತಂದ ಒಬ್ಬ ತಾಯಿ ನನ್ನನ್ನು ನೋಡಿ, ಇವಳೇನಾ ಮುಖ ತಿದ್ದೋಳು, ತನ್ನದೊಂದು ತಿದ್ದಿಕೊಳ್ಳಬಾರದಿತ್ತಾ ಎಂದು ಮಾವನ ಹತ್ತಿರ ನಗೆಯಾಡಿದಳು. ನಾನು ಆ ಮಗಳ ಕೆನ್ನೆಯನ್ನು ಬೇಕೆಂತಲೇ ಅತಿಯಾಗಿ ತುಂಬಿದೆ. ಹುಡುಗಿ ಪಿಂಗಾಣಿ ಬಟ್ಟಲಿನಂತೆ ಕಂಡಳು. ಸಿಟ್ಟು ತೀರಿಸಿಕೊಂಡೆ ಅಂದುಕೊಂಡಿದ್ದೆ, ಆ ತಾಯಿ ಬಹಳ ಖುಷಿಯಾಗಿ ಇನ್ನೂ ಎರಡು ಪ್ರತಿ ಹಾಕಿಸಿಕೊಂಡಳು.

ಮಾವನಿಗೆ ಹೊಟ್ಟೆಪಾಡಿನ ಫೋಟೋ ಬೇರೆ, ಪ್ರದರ್ಶನದ ಫೋಟೋ ಬೇರೆ. ಅವರ ಮಂಚದ ಕೆಳಗೆ ಒಂದು ಟ್ರಂಕು ತುಂಬ ದೇಶವಿದೇಶದ ಛಾಯಾಚಿತ್ರ ಪ್ರದರ್ಶನಗಳ ಹಳೆಯ ಪುಸ್ತಕಗಳಿದ್ದವು. ಸೋಮವಾರ ಅಂಗಡಿಗೆ ರಜೆ, ಅವತ್ತು ಅವುಗಳನ್ನು ತೆಗೆದು ನನಗೆ ಪಾಠ ಮಾಡುತ್ತಿದ್ದರು. ಬೆಳಕು ಎದುರಿನಿಂದ ಬಂದರೆ ಚರ್ಮ ನುಣ್ಣಗೆ ಕಾಣುತ್ತದೆ, ಪಕ್ಕದಿಂದ ಬಂದರೆ ಒಂದೊಂದು ಏರುತಗ್ಗೂ ಎದ್ದು ನಿಲ್ಲುತ್ತದೆ. ಮುಖವನ್ನು ಮೂರು ಸಮಪಾಲು ಮಾಡಬೇಕು: ಕೂದಲಿನ ಅಂಚಿನಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿನ ತುದಿಗೆ, ಅಲ್ಲಿಂದ ಗದ್ದಕ್ಕೆ. ಮೂರೂ ಸಮ ಬಂದವಳೇ ಸುಂದರಿ. ಒಂದು ದಿನ ಅವರು ಊಟಕ್ಕೆ ಹೋದಾಗ ಮೇಕಪ್ಪಿನ ಕನ್ನಡಿಯೆದುರು ನಿಂತು ಸ್ಕೇಲಿನಿಂದ ನನ್ನ ಮುಖ ಅಳೆದುಕೊಂಡೆ. ಮೂರೂ ಪಾಲು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಪುಸ್ತಕದ ಅಳತೆಯ ಪ್ರಕಾರ ನಾನು ಸುಂದರಿ ಎಂದು ತಿಳಿದು ಅವತ್ತೆಲ್ಲ ಒಳಗೊಳಗೇ ನಗುತ್ತಿದ್ದೆ.

ಆ ಪುಸ್ತಕಗಳನ್ನು ನೋಡುತ್ತ ನೋಡುತ್ತ ನನಗೊಂದು ವಿಷಯ ಹೊಳೆಯಿತು. ಅವುಗಳಲ್ಲಿ ಮುದುಕರು ಬೇಕಾದಷ್ಟಿದ್ದರು. ಮೀನುಗಾರ, ಕಮ್ಮಾರ, ಬೈರಾಗಿ, ಎಲ್ಲರ ಮುಖದಲ್ಲೂ ಸುಕ್ಕೋ ಸುಕ್ಕು, ಒಂದೊಂದು ಗೆರೆಯನ್ನೂ ಎಣಿಸಬಹುದು. ಹೆಂಗಸರೂ ಇದ್ದರು. ಕೊಡ ಹೊತ್ತವರು, ಕನ್ನಡಿ ನೋಡಿಕೊಳ್ಳುವವರು, ಮೈಮೇಲೆ ಬಟ್ಟೆಯಿಲ್ಲದೆ ಬೆನ್ನು ತಿರುಗಿಸಿ ಕೂತವರೂ ಇದ್ದರು. ಆ ಪುಟ ಬಂದಾಗ ಮಾವ ಎರಡು ಹಾಳೆ ಒಟ್ಟಿಗೆ ತಿರುಗಿಸುತ್ತಿದ್ದರು, ನಾನು ಆಮೇಲೆ ಒಬ್ಬಳೇ ಇದ್ದಾಗ ನೋಡುತ್ತಿದ್ದೆ. ಬಟ್ಟೆ ಇರಲಿ ಬಿಡಲಿ, ಆ ಹೆಂಗಸರಲ್ಲಿ ಒಬ್ಬಳ ಮೈಮೇಲೂ ಒಂದು ಗಾಯದ ಗುರುತಿಲ್ಲ, ಹೆರಿಗೆಯ ಗೆರೆಯಿಲ್ಲ. ಅಷ್ಟೂ ಹೆಂಗಸರು ಬೆಂಕಿಯ ಹತ್ತಿರ ಒಮ್ಮೆಯೂ ಹೋಗದವರೇ ಎಂದು ನನಗೆ ಅನುಮಾನವಾಯಿತು. ಯಾವುದೋ ದೇಶದಲ್ಲಿ ನನ್ನಂಥವಳೊಬ್ಬಳು ಡೆಸ್ಕಿನ ಮುಂದೆ ಕೂತು ತುಂಬಿರುತ್ತಾಳೆ ಅಂದುಕೊಂಡೆ.

ಒಂದು ಚಳಿಗಾಲದಲ್ಲಿ ದಾವಣಗೆರೆಯಲ್ಲಿ ಪ್ರದರ್ಶನ ಇದೆಯೆಂದು ಮಾವ ಜಗಳೂರಿನ ಕಡೆ ಹೊರಟರು. ಕುರಿಗಾರರ ಫೋಟೋ ಬೇಕಿತ್ತು. ಹಿಂದಿನ ದಿನವೇ ದಾವಣಗೆರೆಗೆ ಹೋಗಿ ನೆಂಟರ ಮನೆಯಲ್ಲಿ ತಂಗಿ, ಮೊದಲ ಬಸ್ಸಿಗೆ ಜಗಳೂರು ಸೇರಿದೆವು. ಮರದ ಪೆಟ್ಟಿಗೆ ಕ್ಯಾಮೆರಾ ಅವರ ಹೆಗಲಿಗೆ, ಮೂರು ಕಾಲಿನ ಸ್ಟ್ಯಾಂಡು ನನ್ನ ಹೆಗಲಿಗೆ. ಊರಾಚೆ ಶೇಂಗಾ ಕಿತ್ತ ಹೊಲದಲ್ಲಿ ಒಂದು ಕುರಿಹಿಂಡು ತಂಗಿತ್ತು. ಹಿಂಡಿನ ಯಜಮಾನ ಎಪ್ಪತ್ತರ ಮುದುಕ, ಹೆಗಲ ಮೇಲೆ ಕಂಬಳಿ. ಎಳೆಬಿಸಿಲು ಅವನ ಪಕ್ಕಕ್ಕೆ ಬೀಳುವ ಹಾಗೆ ನಿಲ್ಲಿಸಿ ಮಾವ ಮೂರು ಫೋಟೋ ತೆಗೆದರು.

ಮುದುಕನ ಹೆಂಡತಿ ದೂರದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ನಮಗೆ ಹುರಿದ ಶೇಂಗಾ, ಬೆಲ್ಲ ತಂದುಕೊಟ್ಟವಳು ತನ್ನದೂ ಒಂದು ತೆಗೆಯಿರಿ, ಹುಟ್ಟಿದಾಗಿನಿಂದ ತೆಗೆಸಿಲ್ಲ ಅಂದಳು. ಅವಳ ಮುಖದಲ್ಲಿ ಗಂಡನಿಗಿಂತ ಹೆಚ್ಚು ಸುಕ್ಕುಗಳಿದ್ದವು. ನನ್ನ ಮುಖದಲ್ಲಿರುವಂಥ ಕುಳಿಗಳೂ ಇದ್ದವು. ಹಣೆಯ ಮೇಲೆ, ಗದ್ದದ ಮೇಲೆ ಹಸಿರು ಹಚ್ಚೆ. ಮಾವ ಇಲ್ಲವೆನ್ನಲಾರದೆ ನೆಗೆಟಿವ್ ಮೂಡುವ ಗಾಜಿನ ಪ್ಲೇಟು ಒಂದನ್ನು ಖರ್ಚು ಮಾಡಿದರು. ಬಿಸಿಲು ಇನ್ನೂ ಪಕ್ಕಕ್ಕೇ ಇತ್ತು, ಅವಳನ್ನು ಬೇರೆ ಕಡೆ ತಿರುಗಿಸುವ ಗೋಜಿಗೂ ಅವರು ಹೋಗಲಿಲ್ಲ.

ಹೊನ್ನಾಳಿಗೆ ಬಂದು ತೊಳೆದಾಗ ಮುದುಕನ ಮೂರರಲ್ಲೊಂದು, ಮುದುಕಿಯದೊಂದು, ಎರಡೂ ನೆಗೆಟಿವ್ ಒಂದಕ್ಕಿಂತ ಒಂದು ಚೆನ್ನಾಗಿ ಬಂದಿದ್ದವು. ಮುದುಕನದಕ್ಕೆ ಪೆನ್ಸಿಲ್ ಮುಟ್ಟಿಸಬೇಡ ಎಂದು ಮಾವ ಕಟ್ಟುನಿಟ್ಟಾಗಿ ಹೇಳಿದರು. ಮುದುಕಿಯದನ್ನು ಮಾತ್ರ ಟಚಿಂಗ್ ಮಾಡಿ ಒಂದು ಪ್ರಿಂಟ್ ಹಾಕಿಡು, ಮುಂದಿನ ಸಲ ಹೋದಾಗ ಕೊಟ್ಟರಾಯಿತು ಅಂದರು. ಎರಡೂ ಒಂದೇ ಬಿಸಿಲಿನಲ್ಲಿ ತೆಗೆದ ಒಂದೇ ಥರದ ಮುಖ, ಇದಕ್ಕೊಂದು ಅದಕ್ಕೊಂದು ಯಾಕೆ ಎಂದು ಕೇಳಿದೆ.

"ಗಂಡಸಿನ ಮುಖದಾಗೆ ಬದುಕು ಕಾಣ್ಬೇಕು, ಹೆಂಗಸಿನ ಮುಖದಾಗೆ ಬೆಳಕು ಕಾಣ್ಬೇಕು. ತೀರ್ಪು ಹೇಳೋರು ಹಂಗೇ ನೋಡ್ತಾರೆ" ಅಂದರು ಮಾವ.

ಆ ಮಾತು ನನಗೆ ಸರಿಬರಲಿಲ್ಲ. ಸರಿಬರದಿದ್ದರೂ ಕೂತು ತುಂಬಿದೆ, ಕೈಗೆ ಅಭ್ಯಾಸವಾಗಿತ್ತು. ಹಣೆಯ ಗೆರೆ, ಕೆನ್ನೆಯ ಕುಳಿ, ಬಾಯಿಯ ಸುತ್ತಲಿನ ಸುಕ್ಕು, ತಿಳಿಯಾಗಿ ಕಂಡದ್ದನ್ನೆಲ್ಲ ತುಂಬಿಕೊಂಡು ಹೋದೆ. ಹಸಿರು ಹಚ್ಚೆಯೂ ಫೋಟೋದಲ್ಲಿ ಕಪ್ಪು, ನೆಗೆಟಿವ್‌ನಲ್ಲಿ ತಿಳಿ. ಅದನ್ನೂ ತುಂಬಿದೆ. ಹಚ್ಚೆ ಎಂದು ಗೊತ್ತಿದ್ದೇ ತುಂಬಿದೆನೋ ಗೊತ್ತಾಗದೆ ತುಂಬಿದೆನೋ ಈಗ ಹೇಳಲಾರೆ. ನಾನು ಆಗ ಮುಖ ನೋಡುವುದನ್ನು ಬಿಟ್ಟು ಬರೀ ಚುಕ್ಕೆ ನೋಡುವವಳಾಗಿದ್ದೆ.

ದಾವಣಗೆರೆಯಲ್ಲಿ ಮುದುಕನ ಫೋಟೋಗೆ ಎರಡನೇ ಬಹುಮಾನ ಬಂತು. ಬೇಸಿಗೆ ಕಳೆದು ಹಿಂಡಿನವರು ಊರಿನ ಮನೆಗೆ ಮರಳಿದ ಮೇಲೆ ಮಾವ ಇಬ್ಬರ ಪ್ರಿಂಟುಗಳನ್ನೂ ಹಿಡಿದು ಮತ್ತೆ ಜಗಳೂರಿಗೆ ಹೊರಟರು, ನಾನೂ ಹೋದೆ. ಮುದುಕ ತನ್ನ ಫೋಟೋ ನೋಡಿ ತಲೆಯಾಡಿಸಿದ. ಮುದುಕಿ ತನ್ನದನ್ನು ಸೆರಗಿನಲ್ಲಿ ಒರೆಸಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಜೋಪಾನವಾಗಿ ನನ್ನ ಕೈಗೇ ವಾಪಸ್ಸು ಕೊಟ್ಟಳು.

"ಬದ್ಲಾಗೈತೆ ನೋಡವ್ವ. ಇದು ಬ್ಯಾರೆ ಯಾರ್ದೋ. ಪಾಪ, ಅವ್ರು ಹುಡುಕ್ತಿರ್ತಾರೆ, ಒಯ್ದು ಕೊಟ್ಬಿಡ್ರಿ" ಅಂದಳು.

ಇದು ನಿನ್ನದೇ ಅಜ್ಜಿ ಎಂದು ಮಾವ ನಗುತ್ತ ಹೇಳಿದರು. ಅವಳು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ನಮ್ಮ ತಪ್ಪನ್ನು ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಬೇಕು ಎನ್ನುವಂತೆ ಗದ್ದದ ಮೇಲೆ ಬೆರಳಿಟ್ಟು ತೋರಿಸಿದಳು.

"ನನ್ನ ಹಚ್ಚಿ ಎಲ್ಲೈತೆ ಇದ್ರಾಗೆ? ಮದ್ವಿಗೆ ಮುಂಚೆ ನಮ್ಮವ್ವ ಕುಂದ್ರಿಸಿ ಹಾಕ್ಸಿದ್ದು. ಸತ್ತಾಗ ಮೈಮ್ಯಾಗಿನ ಒಡವಿ ಎಲ್ಲ ಬಿಚ್ಕೊಂತಾರೆ, ಇದನ್ನ ಯಾರೂ ಬಿಚ್ಕೊಳ್ಳಾಕೆ ಆಗಲ್ಲ ಅಂತ ಹೇಳಿದ್ಲು."

ನಾನು ಬಿಚ್ಚಿಕೊಂಡಿದ್ದೆ. ಕಿಟಕಿಯ ಪಕ್ಕ ಕೂತು, ಉಸಿರು ಬಿಗಿಹಿಡಿದು, ಅರ್ಧ ಗಂಟೆಯಲ್ಲಿ ಅವಳ ಅವ್ವ ಕೊಟ್ಟಿದ್ದನ್ನು ತೆಗೆದುಬಿಟ್ಟಿದ್ದೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ನಿಮ್ಮ ಫೋಟೋ ಸ್ಟುಡಿಯೋದಲ್ಲೇ ಉಳಿದಿದೆ, ನಾನೇ ತಂದುಕೊಡುತ್ತೇನೆ ಅಂದೆ. ಮಾವ ನನ್ನನ್ನು ಕಣ್ಣರಳಿಸಿ ನೋಡಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ, ಇವರಿಗೆ ಒಳ್ಳೇದು ಮಾಡಿದರೂ ತಿಳಿಯುವುದಿಲ್ಲ ಎಂದು ಗೊಣಗಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ನನ್ನ ಟ್ರಂಕಿನಲ್ಲಿರುವ ಮೂರು ಫೋಟೋಗಳ ನೆನಪಾಗುತ್ತಿತ್ತು. ಅವನ್ನು ನೋಡಿದಾಗಲೆಲ್ಲ ಇದು ನಾನಲ್ಲ ಅನ್ನಿಸಿತ್ತು. ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಆ ಮುದುಕಿ ಒಂದೇ ಸಲ ನೋಡಿ ಹೇಳಿದ್ದಳು.

ಪೆನ್ಸಿಲ್ಲಿನಲ್ಲಿ ಒಂದು ಒಳ್ಳೆಯ ಗುಣವಿದೆ. ಬ್ಲೇಡಿನಲ್ಲಿ ಕೆರೆದದ್ದು ಮತ್ತೆ ಬರುವುದಿಲ್ಲ, ಆದರೆ ಪೆನ್ಸಿಲ್ಲಿನಲ್ಲಿ ತುಂಬಿದ್ದನ್ನು ಒರೆಸಬಹುದು. ಮಾರನೆಯ ದಿನ ಹತ್ತಿಗೆ ಟರ್ಪಂಟೈನ್ ಹಚ್ಚಿಕೊಂಡು ಮುದುಕಿಯ ನೆಗೆಟಿವ್ ಒರೆಸಿದೆ. ಒಂದು ಸುತ್ತಿಗೆ ಕೆನ್ನೆಯ ಕುಳಿಗಳು ಬಂದವು, ಇನ್ನೊಂದು ಸುತ್ತಿಗೆ ಹಣೆಯ ಗೆರೆಗಳು, ಕೊನೆಗೆ ಗದ್ದದ ಮೇಲಿನ ಐದು ಚುಕ್ಕೆ. ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇದ್ದವು. ದೊಡ್ಡ ಪ್ರಿಂಟ್ ಹಾಕಿದೆ. ಹದಿನೈದು ದಿನ ಬಿಟ್ಟು, ಅತ್ತೆಯನ್ನು ಜೊತೆಗೆ ಕರೆದುಕೊಂಡು ಜಗಳೂರಿಗೆ ಹೋಗಿ ಕೊಟ್ಟು ಬಂದೆ. ಮುದುಕಿ ಈ ಸಲ ಹೆಚ್ಚು ಹೊತ್ತು ನೋಡಲಿಲ್ಲ. "ಹ್ಞಾಂ, ಇದು ನಾನು" ಅಂದವಳೇ ಒಳಗೆ ಒಯ್ದು ಇಟ್ಟಳು.

ಅಲ್ಲಿಂದ ಬಂದ ಮೇಲೆ ನನ್ನ ಹಟ ಶುರುವಾಯಿತು. ಪಕ್ಕದ ಬೆಳಕು ಹಾಕಿ ನನ್ನದೊಂದು ಫೋಟೋ ತೆಗೆಯಿರಿ, ಪೆನ್ಸಿಲ್ ಮುಟ್ಟಿಸಬಾರದು ಎಂದು ಮಾವನನ್ನು ಕೇಳಿದೆ. ಅವರು ಕೇಳದವರಂತೆ ಕ್ಯಾಮೆರಾ ಒರೆಸುತ್ತಿದ್ದರು. ಮಾರನೆಯ ದಿನವೂ ಕೇಳಿದೆ. ಗಿರಾಕಿ ಇದ್ದಾರೆ ಅಂದರು. ಗಿರಾಕಿ ಇಲ್ಲದಾಗ ಕೇಳಿದೆ. ಪ್ಲೇಟು ಮುಗಿದಿದೆ ಅಂದರು. ಪ್ಲೇಟಿನ ಪೆಟ್ಟಿಗೆ ನನ್ನ ಸುಪರ್ದಿಯಲ್ಲೇ ಇತ್ತು, ತಂದು ಮುಂದಿಟ್ಟೆ. ಎದ್ದು ಚಹಾ ಕುಡಿಯಲು ಹೋದರು. ಯಾರು ಏನು ಬೈದರೂ ತಿರುಗಿ ಮಾತಾಡುವ ಮನುಷ್ಯ, ಇದೊಂದು ವಿಷಯಕ್ಕೆ ಓಡಿಹೋಗುವುದನ್ನು ನೋಡಿ ನನಗೆ ರೇಗುತ್ತಿತ್ತು.

ಅಷ್ಟರಲ್ಲಿ ಚನ್ನಗಿರಿಯಿಂದ ಒಂದು ಸಂಬಂಧ ಬಂತು. ಅಡಿಕೆ ವ್ಯಾಪಾರದ ಮನೆ, ಹುಡುಗ ಅಣ್ಣಂದಿರ ಜೊತೆ ಮಂಡಿಯಲ್ಲಿ ಕೂರುತ್ತಾನೆ, ಮೊದಲು ಹುಡುಗಿಯ ಫೋಟೋ ಕಳಿಸಲಿ ಅಂದಿದ್ದಾರೆ. ಅವ್ವ ನ್ಯಾಮತಿಯಿಂದ ಬೆಳಗಿನ ಬಸ್ಸಿಗೇ ಬಂದಳು. ಚೀಲದಲ್ಲಿ ರೇಷ್ಮೆ ಸೀರೆ, ಸರ, ಕನಕಾಂಬರ ಎಲ್ಲ ತಂದಿದ್ದಳು. ತಮ್ಮನಿಗೆ, ನಿನ್ನ ಕೈಚಳಕ ಎಲ್ಲ ತೋರಿಸಿ ಒಂದು ಒಳ್ಳೆ ಫೋಟೋ ತೆಗೆ ಅಂದಳು. ತೆಗೆಯಲಿ, ಆದರೆ ಟಚಿಂಗ್ ಬೇಡ ಅಂದೆ ನಾನು. ಅವರು ನಾಳೆ ಮನೆಗೆ ಬಂದು ನೋಡಿದಾಗ ನಮ್ಮ ಹುಡುಗಿ ಎಲ್ಲಿ, ಬದಲಾಗಿದೆ ಅಂದರೆ ಏನು ಮಾಡುತ್ತೀಯ ಎಂದು ಕೇಳಿದೆ. ಬರಲಿ, ಬಂದ ಮೇಲೆ ನಿನ್ನ ಗುಣ ನೋಡಿ ಒಪ್ಪುತ್ತಾರೆ ಅಂದಳು ಅವ್ವ. ನನ್ನ ಗುಣ ಗೊತ್ತಿದ್ದೂ ಹಾಗೆ ಹೇಳಿದಳಲ್ಲ ಎಂದು ಆ ಸಿಟ್ಟಿನಲ್ಲೂ ನನಗೆ ನಗು ಬಂತು.

"ಟಚಿಂಗ್ ಮಾಡಿದ್ರೆ ನಾನು ಕೂರಂಗಿಲ್ಲ. ಕಳಿಸಿದ್ರೆ ನನ್ನ ಮುಖ ಹೋಗ್ಲಿ, ಇಲ್ಲಾಂದ್ರೆ ಏನೂ ಹೋಗೋದು ಬ್ಯಾಡ" ಅಂದೆ.

ಅವ್ವ ಅತ್ತಳು, ಬೈದಳು, ಕನಕಾಂಬರವನ್ನು ಕೌಂಟರಿನ ಮೇಲೆ ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಚನ್ನಗಿರಿಯವರು ಏನಂದರು ಎಂದು ಕಾಯುವ ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ಕೊನೆಗೆ ಕಳಿಸಿದ ನನ್ನ ಫೋಟೋವನ್ನು ಅವರು ಎರಡು ಸಾಲಿನ ಕಾಗದದ ಜೊತೆ ಅಂಚೆಯಲ್ಲಿ ವಾಪಸ್ಸು ಕಳಿಸಿದರು. ಅದೇ ಫೋಟೋವನ್ನು ಮಾವ ಮುಂದಿನ ವರ್ಷದ ಪ್ರದರ್ಶನಕ್ಕೂ ಕಳಿಸಿದರು, ಜಗಳೂರಿನ ಮುದುಕಿಯದರ ಜೊತೆ. ಬೆಳಕಿನ ಕೆಲಸ ಚೆನ್ನಾಗಿದೆ, ವಿಷಯ ನೋಡಲು ಹಿತವಾಗಿಲ್ಲ ಎಂಬ ಚೀಟಿ ಅಂಟಿಸಿಕೊಂಡು ಎರಡೂ ಹಿಂದಿರುಗಿದವು. ಮೊದಲ ಲಕೋಟೆ ಬಂದ ದಿನ ನಾನು ಹಿತ್ತಲಲ್ಲಿ ಕೂತು ಅತ್ತೆ. ಸುಳ್ಳು ಯಾಕೆ ಹೇಳಲಿ, ಚನ್ನಗಿರಿಯ ಹುಡುಗ ಒಪ್ಪಲಿ ಎಂಬ ಆಸೆ ನನಗಿತ್ತು. ಎರಡನೆಯದು ಬಂದ ದಿನ ಮಾವ ಆ ಚೀಟಿಯನ್ನು ಹರಿದು, ಎರಡೂ ಫೋಟೋಗಳಿಗೆ ಕಟ್ಟು ಹಾಕಿಸಿ, ಸ್ಟುಡಿಯೋದ ಮುಂದಿನ ಗಾಜಿನ ಶೋಕೇಸಿನಲ್ಲಿ ಮೊದಲೇ ಇದ್ದ ಮುದುಕನ ಫೋಟೋ ಪಕ್ಕ ನಿಲ್ಲಿಸಿದರು. ಆಮೇಲೆ ನನಗೆ ಮದುವೆಯಾಯಿತೇ ಎಂಬುದು ನನ್ನ ಸ್ವಂತ ವಿಷಯ. ನಾನು ಹೇಳಹೊರಟಿದ್ದು ಆ ಫೋಟೋ ತೆಗೆದ ದಿನದ ಮಾತು.

ಅವ್ವ ಹೊರಟುಹೋದ ಮೇಲೆ ಮಾವ ಬಾಗಿಲು ಅರ್ಧ ಮುಚ್ಚಿ ಬಂದು ನನ್ನ ಡೆಸ್ಕಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಊಟಕ್ಕೆ ಹೋಗುವ ಹೊತ್ತು, ಹೋಗಲಿಲ್ಲ. ಬಹಳ ಹೊತ್ತು ಪೆನ್ಸಿಲ್ಲುಗಳನ್ನು ಒಂದೊಂದಾಗಿ ಎತ್ತಿ ಮೊನೆ ನೋಡಿ ಇಡುತ್ತಿದ್ದರು.

"ನಿನಗೆ ಅಮ್ಮ ಬಂದಾಗ ನಾನು ನ್ಯಾಮತ್ಯಾಗೇ ಇದ್ದೆ" ಅಂದರು. "ನಿಮ್ಮವ್ವ ನೀರಿಗೆ ಹೋಗಿದ್ಲು. ಪರಚ್ಕೊಳ್ದಂಗೆ ಕೈ ಹಿಡ್ಕೊಂಡು ಕುಂತಿರು ಅಂತ ನನ್ನ ಕುಂದ್ರಿಸಿ ಹೋದ್ಲು. ಬ್ಯಾಸಗಿ ಮಧ್ಯಾಹ್ನ. ಕಣ್ಣು ಹತ್ತಿಬಿಡ್ತು. ಏಳೋದ್ರಾಗೆ ನಿನ್ನ ಕಣ್ಣಿನ ಕೆಳಗೆ ರಕ್ತ ಇತ್ತು."

ಆಗ ಅವರಿಗೆ ಹತ್ತೊಂಬತ್ತು ವರ್ಷ. ಎಂಟು ದಿನ ಸರದಿಯ ಮೇಲೆ ನನ್ನ ಪಕ್ಕ ಕೂತಿದ್ದರಂತೆ. ಅದನ್ನು ಅವರು ಹೇಳಲಿಲ್ಲ, ಮುಂದೊಂದು ದಿನ ಅವ್ವ ಹೇಳಿದಳು. ಅವರು ಹೇಳಿದ್ದು ಆ ಒಂದು ನಿದ್ದೆಯನ್ನು ಮಾತ್ರ. ನನ್ನ ಮೂರು ಫೋಟೋಗಳ ಟಚಿಂಗನ್ನೂ ಅವರೇ ಮಾಡಿದ್ದರು, ಪ್ರತಿ ಸಲವೂ ಆ ಕಣ್ಣಿನ ಕೆಳಗಿನಿಂದಲೇ ಶುರು ಮಾಡುತ್ತಿದ್ದರಂತೆ.

ನನಗೆ ಅಳು ಬರಬೇಕಿತ್ತೇನೋ, ಬಂದದ್ದು ಸಿಟ್ಟು. ನಿದ್ದೆ ಬಂದಿದ್ದಕ್ಕೆ ಸಿಟ್ಟಿಲ್ಲ. ಐದು ವರ್ಷದ ಹುಡುಗಿ ತುರಿಕೆ ತಾಳದೆ ಪರಚಿಕೊಂಡರೆ ಅದು ಯಾರ ತಪ್ಪು? ಇಷ್ಟು ವರ್ಷ ನನ್ನನ್ನು ಎದುರಿಗೆ ಕೂರಿಸಿಕೊಂಡು ಅವರು ತಮ್ಮ ತಪ್ಪನ್ನೇ ನೋಡುತ್ತಿದ್ದರಲ್ಲ, ಅದಕ್ಕೆ ಸಿಟ್ಟು ಬಂತು. ಹಾಗೆಂದು ಹೇಳಿಯೂ ಹೇಳಿದೆ. ಈ ಮುಖ ಹೊತ್ತುಕೊಂಡು ಬಜಾರಿಗೆ ಹೋಗುವವಳು ನಾನು, ಬಸ್ಸು ಹತ್ತುವವಳು ನಾನು, ಅಂದವರ ಮಾತು ಕೇಳುವವಳೂ ನಾನು. ಇದು ನನ್ನದು, ನನಗೆ ವಾಪಸ್ಸು ಕೊಡಿ ಅಂದೆ. ಮಾವ ತಲೆ ತಗ್ಗಿಸಿಕೊಂಡು ಕೇಳಿದರು. ಆಮೇಲೆ ಎದ್ದು, ಎದುರಿನ ದೊಡ್ಡ ಬಲ್ಬುಗಳ ಸ್ವಿಚ್ಚು ಆರಿಸಿ, ಪಡುವಣ ಕಿಟಕಿಯ ಪರದೆಯನ್ನು ಸರಿಸಿದರು.

ಅವ್ವ ತಂದ ರೇಷ್ಮೆ ಸೀರೆ ಉಡಲಿಲ್ಲ. ಕೆಲಸದ ದಿನ ಉಡುವ ಹತ್ತಿ ಸೀರೆಯಲ್ಲೇ ಕೂತೆ. ಕನಕಾಂಬರ ಮಾತ್ರ ಮುಡಿದುಕೊಂಡೆ, ಅದು ನನಗೆ ಇಷ್ಟ. ಎಡಗೆನ್ನೆಯ ಮೇಲೆ ಕಿಟಕಿಯ ಬಿಸಿಲು ಬೆಚ್ಚಗೆ ತಾಗುತ್ತಿತ್ತು. ಮಾವ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಸೊಟ್ಟಗೆ ಕೂತಿದ್ದೀಯ, ನೆಟ್ಟಗೆ ಕೂರು ಎಂದು ಯಾವಾಗಲೂ ಹೇಳುವವರು ಅವತ್ತು ಅದನ್ನೂ ಹೇಳಲಿಲ್ಲ. ನಾನು ಲೆನ್ಸನ್ನು ನೇರವಾಗಿ ನೋಡಿದೆ. ಇಷ್ಟು ವರ್ಷ ಫೋಟೋಗೆ ಕೂತಾಗಲೆಲ್ಲ ತಲೆ ಸ್ವಲ್ಪ ತಗ್ಗಿಸುತ್ತಿದ್ದೆ ಎಂದು ನನಗೆ ಗೊತ್ತಾದದ್ದು ಆಗಲೇ.

ನೆಗೆಟಿವನ್ನು ಅವರೇ ತೊಳೆದು ಒಣಗಿಸಿದರು. ಮಾರನೆಯ ದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅದು ನನ್ನ ಡೆಸ್ಕಿನ ಗಾಜಿನ ಮೇಲಿತ್ತು. ಮಾವ ಹೊರಗೆ ಯಾರ ಜೊತೆಗೋ ಜೋರಾಗಿ ಮಾತಾಡುತ್ತಿದ್ದರು. ನಾನು ಕನ್ನಡಿ ತಿರುಗಿಸಿ ಬೆಳಕು ಹಾಯಿಸಿ, ಭೂತಗನ್ನಡಿ ಹಿಡಿದು ನೋಡಿದೆ. ಕೆನ್ನೆಯ ಕುಳಿಗಳು ಇದ್ದವು. ಹಣೆಯವು, ಮೂಗಿನ ತುದಿಯವು, ಎಲ್ಲ ಇದ್ದವು. ಒಂದೊಂದನ್ನೂ ಗುರುತು ಹಿಡಿದೆ, ಎಷ್ಟೋ ದಿನದ ಮೇಲೆ ಊರಿಗೆ ಬಂದವರನ್ನು ಮಾತಾಡಿಸುವ ಹಾಗೆ. ಎಡಗಣ್ಣಿನ ಕೆಳಗೆ ಬಂದಾಗ ಕೈ ನಿಂತಿತು. ಅಲ್ಲಿ ಕುಳಿ ಇರಲಿಲ್ಲ. ಮಬ್ಬುಗಪ್ಪು ಗೆರೆಗಳು, ಎಲ್ಲವೂ ಎಡಕ್ಕೆ ವಾಲಿದವು. ನನ್ನ ಗೆರೆ ಹಾಗೆ ವಾಲುವುದಿಲ್ಲ, ಅದು ಮಾವನ ಕೈ. ಎಲ್ಲವನ್ನೂ ಬಿಟ್ಟು ಅದೊಂದನ್ನು ಮಾತ್ರ ತುಂಬಿದ್ದರು.

ನಾನೇ ಒರೆಸಬಹುದಿತ್ತು, ಒಂದು ನಿಮಿಷದ ಕೆಲಸ. ಹತ್ತಿಯನ್ನೂ ಕೈಗೆತ್ತಿಕೊಂಡಿದ್ದೆ. ಆಮೇಲೆ ಮನಸ್ಸು ಬದಲಾಯಿಸಿ ಅವರನ್ನು ಒಳಗೆ ಕರೆದೆ. ಡೆಸ್ಕಿನ ಮುಂದೆ ಕೂರಿಸಿ, ಟರ್ಪಂಟೈನಿನಲ್ಲಿ ಅದ್ದಿದ ಹತ್ತಿಯನ್ನು ಅವರ ಬೆರಳಿಗೆ ಕೊಟ್ಟೆ.

"ಇದೊಂದು ಉಳಿದೈತೆ ಮಾವ. ನೀವೇ ಒರೆಸ್ರಿ" ಅಂದೆ.

ಅವರು ನನ್ನನ್ನು ನೋಡಲಿಲ್ಲ. ನೆಗೆಟಿವನ್ನೂ ಸರಿಯಾಗಿ ನೋಡುತ್ತಿದ್ದರೋ ಇಲ್ಲವೋ. ಒಂದು ಸಲ ಒರೆಸಿದರೆ ಸಾಕಿತ್ತು, ಮೂರು ಸಲ ಒರೆಸಿದರು. ಆಮೇಲೆ ಹತ್ತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಹತ್ತಿಯನ್ನು ಯಾರೂ ಜೇಬಿಗೆ ಹಾಕಿಕೊಳ್ಳುವುದಿಲ್ಲ.

ಇಬ್ಬರೂ ಕತ್ತಲೆ ಕೋಣೆಗೆ ಹೋದೆವು. ಕೆಂಪು ದೀಪದ ಕೆಳಗೆ ಬಿಳಿಯ ಕಾಗದವನ್ನು ಡೆವಲಪರ್ ತಟ್ಟೆಗೆ ಇಳಿಬಿಟ್ಟೆ. ನೀರಿನಲ್ಲಿ ಮೊದಲು ಮೂಡುವುದು ಕಪ್ಪು ಭಾಗಗಳು. ನನ್ನ ಕೂದಲು ಮೂಡಿತು, ಎರಡು ಕಣ್ಣುಗುಡ್ಡೆ ಮೂಡಿದವು, ಅವುಗಳ ಹಿಂದೆಯೇ ಎಡಗಣ್ಣಿನ ಕೆಳಗಿನ ಕುಳಿ ಮೂಡಿತು. ಕೆನ್ನೆ, ಮೂಗು, ತುಟಿ ಎಲ್ಲ ಅದರ ಸುತ್ತ ನಿಧಾನವಾಗಿ ಬಂದು ಸೇರಿಕೊಂಡವು. ಮಾವ ತಟ್ಟೆಯ ಅಂಚು ಹಿಡಿದು ಅಲ್ಲಾಡಿಸುತ್ತ, ನನಗೆ ಕೇಳಿಸುವಷ್ಟೇ ಮೆಲ್ಲಗೆ, ಸರಿ ಬಂದಿದೆಯಾ ಎಂದು ಕೇಳಿದರು.

"ಹ್ಞಾಂ, ಇದು ನಾನು" ಅಂದೆ.